ಹೃದಯದ ಚಿತ್ರ ತೆಗೆಯುವವರ ಮಾತು



ಆಸ್ಪತ್ರೆ ಎಂದರೆ ಡಾಕ್ಟರು, ನರ್ಸಮ್ಮ, ಔಷಧಿ ಕೊಡುವವರು ಇಷ್ಟೇ ಎಂದು ನಮ್ಮ ಜನ ಎಣಿಸುವುದುಂಟು. ಇವರ ನಡುವೆ ಇನ್ನೊಂದು ವರ್ಗದವರಿದ್ದಾರೆ. ಅರೆಗತ್ತಲ ಕೋಣೆಯಲ್ಲಿ ಯಂತ್ರದ ಮುಂದೆ ಕುಳಿತು, ರೋಗಿಯ ಎದೆಯ ಮೇಲೆ ಅಂಗೈಯಗಲದ ಉಪಕರಣವನ್ನಿಟ್ಟು, ಒಳಗೆ ಹೃದಯ ಬಡಿಯುವುದನ್ನು ಪರದೆಯ ಮೇಲೆ ಕಾಣುವಂತೆ ಮಾಡುವವರು. ಎಕೋ ಟೆಕ್ನೀಷಿಯನ್ ಎನ್ನುತ್ತಾರೆ. ನಾವು ಆ ವರ್ಗದವರು. ನಮ್ಮ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಈ ಕೂಟದ ಹಿರಿಯರು ಕೇಳಿದ್ದಾರೆ. ನಿಮ್ಮ ಮನೆಯವರಲ್ಲಿ ಒಬ್ಬರಾದರೂ ಒಂದು ದಿನ ನಮ್ಮ ಮಂಚದ ಮೇಲೆ ಮಲಗಬೇಕಾಗಿ ಬರಬಹುದು. ಅಲ್ಲಿ ಏನು ನಡೆಯುತ್ತದೆಂದು ಮೊದಲೇ ಗೊತ್ತಿದ್ದರೆ ಅಂಜಿಕೆ ಕಡಿಮೆಯಾದೀತು ಎಂಬ ಆಸೆಯಿಂದ ಒಪ್ಪಿಕೊಂಡೆವು.

ಎಕೋ ಪರೀಕ್ಷೆಯಲ್ಲಿ ಸೂಜಿಯಿಲ್ಲ, ಕರೆಂಟು ಹೊಡೆಯುವುದಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಇರುವುದು ಶಬ್ದ ಮಾತ್ರ. ನಮ್ಮ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ, ಸೆಕೆಂಡಿಗೆ ಇಪ್ಪತ್ತು ಮೂವತ್ತು ಲಕ್ಷ ಸಲ ಕಂಪಿಸುವ ಶಬ್ದವನ್ನು ಉಪಕರಣ ಒಳಗೆ ಕಳಿಸುತ್ತದೆ. ಬೆಟ್ಟದ ಎದುರು ನಿಂತು ಕೂಗಿದರೆ ದನಿ ಮರಳಿ ಬರುವಂತೆ ಅದು ಹೃದಯದ ಗೋಡೆಗೆ, ಕವಾಟಗಳಿಗೆ ತಾಗಿ ಮರಳಿ ಬರುತ್ತದೆ. ಆ ಮಾರ್ದನಿಯಿಂದ ಯಂತ್ರ ಚಿತ್ರ ಬರೆಯುತ್ತದೆ.

ಈ ವಿದ್ಯೆಯ ಮೂಲ ಕಾರ್ಮಿಕರ ಕಟ್ಟೆಯಲ್ಲಿದೆ ಎಂದರೆ ನಿಮಗೆ ಸಂತೋಷವಾದೀತು. ಹಡಗು ಕಟ್ಟುವ ಕಡೆ ಉಕ್ಕಿನೊಳಗೆ ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ಶಬ್ದ ಕಳಿಸಿ ಹುಡುಕುವ ಯಂತ್ರಗಳಿದ್ದವು. ಸ್ವೀಡನ್ ದೇಶದ ಲುಂಡ್ ಊರಿನ ವೈದ್ಯ ಇಂಗೆ ಎಡ್ಲರ್ ಅವರಿಗೆ ಹೃದಯದ ಕವಾಟವನ್ನು ಎದೆ ಕೊಯ್ಯದೆ ನೋಡಬೇಕಾಗಿತ್ತು. ಅವರ ಜೊತೆಗಾರ, ಭೌತಶಾಸ್ತ್ರಜ್ಞ ಹೆಲ್ಮುಟ್ ಹರ್ಟ್ಸ್, ಹತ್ತಿರದ ಮಾಲ್ಮೊ ಊರಿನ ಕೊಕುಮ್ಸ್ ಹಡಗುಕಟ್ಟೆಗೆ ಹೋಗಿ ಆ ಯಂತ್ರವನ್ನು ಪರೀಕ್ಷಿಸಿ ನೋಡಿದರು. ಅನಂತರ ಸೀಮೆನ್ಸ್ ಕಂಪನಿಯಿಂದ ಅಂತಹದನ್ನೇ ಎರವಲು ತಂದರು. ೧೯೫೩ರ ಅಕ್ಟೋಬರ್ ೨೯ರಂದು ಬಡಿಯುವ ಹೃದಯದ ಮಾರ್ದನಿಯನ್ನು ಇಬ್ಬರೂ ಸೇರಿ ದಾಖಲಿಸಿದರು. ಹೊಸೂರಿನ ಕಾರ್ಖಾನೆಗಳಲ್ಲಿ ಎರಕದ ಲೋಹವನ್ನು ಹೀಗೆ ಪರೀಕ್ಷಿಸುವವರು ನಿಮ್ಮ ನಡುವೆ ಇದ್ದರೆ, ಅವರೂ ನಾವೂ ಒಂದೇ ಕಸುಬಿನವರು.

ಆದರೆ ಉಕ್ಕು ಅಲುಗದೆ ಬಿದ್ದಿರುತ್ತದೆ, ಮನುಷ್ಯ ಉಸಿರಾಡುತ್ತಾನೆ. ಗಾಳಿಯನ್ನು ದಾಟಿ ಈ ಶಬ್ದ ಹೋಗಲಾರದು. ಆದುದರಿಂದಲೇ ಚರ್ಮಕ್ಕೂ ಉಪಕರಣಕ್ಕೂ ನಡುವೆ ಗಾಳಿ ಇರದಂತೆ ತಣ್ಣನೆಯ ಲೋಳೆ ಹಚ್ಚುತ್ತೇವೆ. ಎಡಮಗ್ಗುಲಾಗಿ ಮಲಗಿಸುತ್ತೇವೆ, ಆಗ ಹೃದಯ ಎದೆಗೂಡಿನ ಹತ್ತಿರಕ್ಕೆ ಬರುತ್ತದೆ. ಶ್ವಾಸಕೋಶ ಅಡ್ಡ ಬಂದರೆ ಚಿತ್ರ ಮಸುಕು. ಉಸಿರು ಬಿಟ್ಟು ಹಾಗೆಯೇ ತಡೆಯಿರಿ ಎಂದು ಹೇಳಬೇಕು, ರೋಗಿಗೆ ಅದು ತಿಳಿಯಬೇಕು. ನಮ್ಮ ಗಡಿಸೀಮೆಯಲ್ಲಿ ಇದೇ ದೊಡ್ಡ ವಿಷಯ. ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯಿಂದ ಬರುವವರಲ್ಲಿ ಒಬ್ಬರಿಗೆ ಕನ್ನಡ, ಒಬ್ಬರಿಗೆ ತೆಲುಗು, ಇನ್ನೊಬ್ಬರಿಗೆ ತಮಿಳು. ಉಸಿರು ಎಂದರೆ ತಿಳಿಯದವರಿಗೆ ಊಪಿರಿ ಎನ್ನಬೇಕು, ಮೂಚ್ಚು ಎನ್ನಬೇಕು. ಇಂಗ್ಲಿಷ್ ಒಂದನ್ನೇ ಕಲಿತು ಬಂದವನ ಕೈಯಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರವಿದ್ದರೂ ಚಿತ್ರ ಸರಿಯಾಗಿ ಬರುವುದಿಲ್ಲ. ನಮ್ಮೂರ ಮಕ್ಕಳು ಬೀದಿಯಲ್ಲಿ ಕಲಿತ ಮೂರು ಭಾಷೆ ಈ ಕೋಣೆಯಲ್ಲಿ ಅನ್ನ ಕೊಡುತ್ತದೆ.

ತಾಯಂದಿರಿಗೆ ಒಂದು ಮಾತು. ಎದೆ ತೆರೆಯಬೇಕೆಂಬ ಸಂಕೋಚದಿಂದ ಪರೀಕ್ಷೆಯನ್ನೇ ಬಿಟ್ಟು ಮನೆಗೆ ಹೋಗುವವರಿದ್ದಾರೆ. ಹೊದಿಕೆ ಕೊಡಿ ಎಂದು ಕೇಳಿ. ಪರೀಕ್ಷೆ ಮಾಡುವವರು ಗಂಡಸರಾದರೆ ಕೋಣೆಯಲ್ಲಿ ಒಬ್ಬ ಹೆಂಗಸು ಜೊತೆಗಿರಲಿ ಎಂದು ಕೇಳಿ. ಇದು ನಿಮ್ಮ ಹಕ್ಕು, ಯಾರ ದಯೆಯೂ ಅಲ್ಲ.

ಪರದೆಯ ಮೇಲೆ ಕೆಂಪು, ನೀಲಿ ಬಣ್ಣ ಕಂಡು ಗಾಬರಿಯಾಗುವವರೂ ಇದ್ದಾರೆ. ಕೆಂಪು ಒಳ್ಳೆಯ ರಕ್ತ, ನೀಲಿ ಕೆಟ್ಟ ರಕ್ತ ಎಂಬ ಸುದ್ದಿ ಹೇಗೋ ಹಬ್ಬಿದೆ. ಅದು ಹಾಗಲ್ಲ. ಉಪಕರಣದ ಕಡೆಗೆ ಹರಿದುಬರುವ ರಕ್ತಕ್ಕೆ ಕೆಂಪು, ದೂರ ಹೋಗುವ ರಕ್ತಕ್ಕೆ ನೀಲಿ, ಅಷ್ಟೇ.

ಇನ್ನು ನಮ್ಮ ಮೌನದ ವಿಷಯ. ಲೋಳೆ ಒರೆಸುವ ಮೊದಲೇ ಕೇಳುತ್ತೀರಿ: "ಏನಪ್ಪಾ ಕಾಣಿಸ್ತು? ಮಗೂಗೆ ಏನೂ ಇಲ್ಲ ತಾನೆ?" ನಾವು, "ಡಾಕ್ಟರು ಹೇಳ್ತಾರಮ್ಮ" ಎಂದು ಸುಮ್ಮನಾಗುತ್ತೇವೆ. ಎಷ್ಟೋ ಜನ ಇದನ್ನು ಗರ್ವವೆಂದು ತಿಳಿಯುತ್ತಾರೆ, ಇಲ್ಲವೆ ಸಾವಿನ ಸುದ್ದಿ ಮುಚ್ಚಿಡುತ್ತಿದ್ದಾರೆಂದು ಅಳುತ್ತಾರೆ. ನಾವು ಅಳತೆ ಮಾಡುವವರು. ಆ ಅಳತೆಯನ್ನು ಎದೆಯ ಸದ್ದಿನ ಜೊತೆ, ಇ.ಸಿ.ಜಿ. ಜೊತೆ, ರಕ್ತ ಪರೀಕ್ಷೆಯ ಜೊತೆ ಕೂಡಿಸಿ ಅರ್ಥ ಹೇಳತಕ್ಕವರು ಡಾಕ್ಟರು. ಆರೋಗ್ಯವಂತರ ಕವಾಟದಲ್ಲಿಯೂ ಎಳ್ಳಷ್ಟು ಸೋರಿಕೆ ಕಾಣುವುದುಂಟು. "ಸ್ವಲ್ಪ ಸೋರಿಕೆ" ಎಂದು ನಾವು ಬಾಯಿ ತಪ್ಪಿ ಆಡಿದ ಮಾತು ಸಂಜೆಗೆ ಲೈನು ಮನೆ ತಲುಪುವಾಗ "ಹೃದಯದಲ್ಲಿ ತೂತು" ಆಗಿರುತ್ತದೆ. ಆ ಹುಡುಗಿಗೆ ಗಂಡು ಹುಡುಕುವುದೂ ಕಷ್ಟವಾಗುತ್ತದೆ. ಆದುದರಿಂದ ಈ ಮೌನ ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಬಾಯಿ ಮುಚ್ಚುವುದು ಬೇರೆ, ಮುಖ ಗಂಟಿಕ್ಕುವುದು ಬೇರೆ. ಕುಡಿಯಲು ನೀರು ಬೇಕೇ ಎಂದು ಕೇಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ನೀವು ನಮ್ಮ ಮುಖ ನೋಡಿ ಊಹೆ ಮಾಡಬೇಡಿ, ಡಾಕ್ಟರರನ್ನು ಬಿಡದೆ ಕೇಳಿ: ಯಾವ ಕವಾಟ, ಎಷ್ಟು ಕೆಟ್ಟಿದೆ, ಮತ್ತೆ ಎಂದು ಬರಬೇಕು. ಹಳೆಯ ರಿಪೋರ್ಟನ್ನು ಮಳೆಗೆ ನೆನೆಯದ ಕಡೆ ಕಟ್ಟಿಡಿ. ಹೋದ ವರ್ಷದ ಅಳತೆ ಪಕ್ಕದಲ್ಲಿದ್ದರೆ ಈ ವರ್ಷದ ಅಳತೆಗೆ ಬೆಲೆ ಬರುತ್ತದೆ.

ಮಕ್ಕಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಗಂಟಲು ನೋವು, ಜ್ವರ ಬರುತ್ತದೆ, ಹೋಗುತ್ತದೆ. ಎಲ್ಲರಿಗೂ ಅಲ್ಲ, ಕೆಲವರಿಗೆ ಎರಡು ಮೂರು ವಾರ ಕಳೆದ ಮೇಲೆ ಕೀಲುಗಳು ಊದಿ ನೋಯುತ್ತವೆ. ಇಂದು ಮೊಣಕಾಲು, ನಾಳೆ ಮೊಣಕೈ. ಇದು ರುಮ್ಯಾಟಿಕ್ ಜ್ವರ. ಗಂಟಲಿನ ರೋಗಾಣುವಿನ ಮೇಲೆ ಹೋರಾಡಲು ದೇಹ ಎಬ್ಬಿಸಿದ ಶಕ್ತಿಯೇ ತಿರುಗಿ ಹೃದಯದ ಕವಾಟವನ್ನು ಸುಡುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳಲ್ಲಿ ರೋಗಾಣು ಬೇಗ ಹರಡುತ್ತದೆ. ಲೈನು ಮನೆಯ ಬಾಡಿಗೆ ಕಡಿಮೆಯಿರಬಹುದು, ಉಳಿದುದನ್ನು ಮಕ್ಕಳ ಹೃದಯ ತೆರುತ್ತಿದೆ.

ಕೀಲು ನೋವು ವಾಸಿಯಾಗುತ್ತದೆ, ಮಗು ಆಟಕ್ಕೆ ಓಡುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಬೇಕೆಂದು ಡಾಕ್ಟರು ಚೀಟಿ ಬರೆದಿರುತ್ತಾರೆ. ಹಲವು ವರ್ಷ ಹಾಕಿಸಬೇಕು, ಕವಾಟ ಕೆಟ್ಟವರಿಗೆ ಹತ್ತು ವರ್ಷಕ್ಕೂ ಮೀರಿ. ಸೂಜಿ ಬಹಳ ನೋಯುತ್ತದೆ. ಕರೆದುಕೊಂಡು ಹೋದ ದಿನ ತಾಯಿಯ ಹಾಜರಿ ಹೋಗುತ್ತದೆ. ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಒಂದು ತಿಂಗಳು ತಪ್ಪುತ್ತದೆ, ಮತ್ತೆ ನಿಂತೇ ಹೋಗುತ್ತದೆ. ಗಂಟಲು ನೋವು ಮತ್ತೆ ಮತ್ತೆ ಬಂದು, ಪ್ರತಿ ಸಲವೂ ಕವಾಟ ಇನ್ನಷ್ಟು ಕೆಡುತ್ತದೆ. ಅದೇ ಮಗು ಬೆಳೆದು ಮದುವೆಯಾಗಿ, ಆರೇಳು ತಿಂಗಳ ಬಸುರಿಯಾಗಿ, ಮಲಗಿದರೆ ಉಸಿರು ಕಟ್ಟುತ್ತದೆಂದು ನಮ್ಮ ಮಂಚಕ್ಕೆ ಬರುತ್ತಾಳೆ. ಬಸುರಿನಲ್ಲಿ ರಕ್ತದ ಪ್ರಮಾಣ ಒಂದೂವರೆ ಪಾಲಿನ ಹತ್ತಿರಕ್ಕೆ ಏರುತ್ತದೆ, ಕಿರಿದಾದ ಬಾಗಿಲಿನಲ್ಲಿ ಅಷ್ಟು ರಕ್ತ ಹೇಗೆ ಹೋದೀತು? ಎಡಗಡೆಯ ಮೈಟ್ರಲ್ ಕವಾಟ ನಾಲ್ಕರಿಂದ ಆರು ಚದರ ಸೆಂಟಿಮೀಟರು ತೆರೆಯಬೇಕು. ಒಂದೂವರೆಗೆ ಇಳಿದರೆ ಗಂಭೀರ. ಪರದೆಯ ಮೇಲೆ ಆ ಗೆರೆ ಎಳೆದು ಅಳೆಯುವಾಗ, ತಪ್ಪಿಹೋದ ಸೂಜಿಗಳು ನಮ್ಮ ಕಣ್ಣ ಮುಂದೆ ಬರುತ್ತವೆ.

ಅಂತಹವರಿಗೂ ದಾರಿಯುಂಟು. ಜಪಾನಿನ ಕಾಂಜಿ ಇನೊವೆ ಎಂಬ ವೈದ್ಯರು ೧೯೮೨ರಲ್ಲಿ ಎದೆ ಕೊಯ್ಯದೆ, ತೊಡೆಯ ರಕ್ತನಾಳದ ಮೂಲಕ ಬಲೂನನ್ನು ಕಳಿಸಿ ಕವಾಟವನ್ನು ಹಿಗ್ಗಿಸಿದರು. ನಮಗೆ ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಕರ್ನಾಟಕ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ನಡೆಯುತ್ತದೆ. ಅತ್ತಿಬೆಲೆ ದಾಟಿದರೆ ಬೊಮ್ಮಸಂದ್ರದಲ್ಲಿ ದೇವಿ ಶೆಟ್ಟಿಯವರು ಕಟ್ಟಿದ ನಾರಾಯಣ ಹೃದಯಾಲಯವಿದೆ. ಆದರೆ ಗಡಿ ದಾಟುವ ಮೊದಲು, ನಿಮ್ಮ ತಮಿಳುನಾಡು ವಿಮೆ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಂಡು ಹೊರಡಿ. ಅಲ್ಲಿಗೆ ಹೋದಮೇಲೆ ಕೇಳಿದರೆ ಬಸ್ ಚಾರ್ಜೂ ದಂಡ, ಒಂದು ದಿನದ ಕೂಲಿಯೂ ದಂಡ.

ಬಲೂನು ಹಾಕುವುದೂ ಆಂಜಿಯೋಗ್ರಾಂ ಮಾಡುವುದೂ ಎಕ್ಸ್‌ರೇ ಕೋಣೆಯಲ್ಲಿ. ಅಲ್ಲಿ ನಮ್ಮವರು ಐದಾರು ಕಿಲೋ ತೂಕದ ಸೀಸದ ಅಂಗಿ ತೊಟ್ಟು ಗಂಟೆಗಟ್ಟಲೆ ನಿಲ್ಲುತ್ತಾರೆ. ಹೊರೆ ಹೊತ್ತವರಿಗೆ ಸೊಂಟ ನೋವಿನ ವಿಷಯ ಹೇಳಬೇಕಾಗಿಲ್ಲ. ಅಂಗಿಯ ಒಳಗೆ ಎದೆಯ ಮೇಲೆ ಟಿ.ಎಲ್.ಡಿ. ಬ್ಯಾಡ್ಜು ಇರುತ್ತದೆ, ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸಿ ಮೈಗೆ ತಾಗಿದ ಕಿರಣವನ್ನು ಲೆಕ್ಕ ಹಾಕುತ್ತಾರೆ. ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲಿಯೂ ೩೦ ದಾಟಬಾರದು ಎಂದು ನಿಯಮ. ಬ್ಯಾಡ್ಜು ಕೊಡದ ಮಾಲೀಕನ ಹತ್ತಿರ ಆ ಕೋಣೆಯ ಕೆಲಸಕ್ಕೆ ನಿಲ್ಲಬಾರದು.

ಮಕ್ಕಳನ್ನು ಈ ಓದಿಗೆ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಸೇರಿಸಿ. ಪ್ಲಸ್ ಟೂ ವಿಜ್ಞಾನದಲ್ಲಿ ಪಾಸಾದವರಿಗೆ ಕಾರ್ಡಿಯಾಕ್ ಟೆಕ್ನಾಲಜಿ ಬಿ.ಎಸ್ಸಿ. ಇದೆ. ಮೂರು ವರ್ಷ ಪಾಠ, ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಈ ವಿದ್ಯೆ ಕಲಿಸುತ್ತಾರೆ. ನಮ್ಮಂತಹವರ ಹೆಸರು ಬರೆಯಲು ರಿಜಿಸ್ಟರು ಇರಬೇಕೆಂಬ ಕಾನೂನು ಇಡೀ ದೇಶಕ್ಕೆ ಬಂದುದೇ ೨೦೨೧ರಲ್ಲಿ. ಅಲ್ಲಿಯವರೆಗೆ ಯಾರು ಏನು ಕಲಿತರು ಎಂದು ಕೇಳುವವರೇ ಕಡಿಮೆ. ಆರು ತಿಂಗಳಿಗೆ ಸರ್ಟಿಫಿಕೇಟು, ಕೆಲಸ ಗ್ಯಾರಂಟಿ ಎಂದು ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಚೀಟಿ ನಂಬಿ ಒಡವೆ ಅಡವಿಡಬೇಡಿ. ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ದಿನಕ್ಕೆ ಎಷ್ಟು ಎಕೋ ನಡೆಯುತ್ತದೆ ಎಂದು ಕೇಳಿ. ಹೋಗಿ ಆ ಕೋಣೆಯನ್ನು ಕಣ್ಣಾರೆ ನೋಡಿ. ತೋರಿಸಲು ಹಿಂಜರಿದರೆ, ಹಣ ಕಟ್ಟದೆ ಎದ್ದು ಬನ್ನಿ.