ಎಂಜಿನ್ ಇಳಿಸೋ ಮುಂಚೆ ಗೇರ್‌ಬಾಕ್ಸ್ ಯಾವ ಜಾತಿ ನೋಡಿ

ಬಟವಾಡಿಯಿಂದ ಮಾತಾಡ್ತಿದೀನಿ. ಮನೆ ಮುಂದೇನೇ ಕಾರಿನ ಎಂಜಿನ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಬಹುದಾ ಅಂತ ಕೆಲವರು ಕೇಳಿದ್ರಿ. ಇಳಿಸಬಹುದು. ಆದ್ರೆ ಎಚ್ಚರ ತಪ್ಪಿದ್ರೆ ಒಂದು ಕಡೆ ದುಡ್ಡು ಹೋಗುತ್ತೆ, ಇನ್ನೊಂದು ಕಡೆ ಜೀವ.

ಮೊದಲು ದುಡ್ಡಿನ ವಿಷಯ. ಆಟೋಮ್ಯಾಟಿಕ್ ಅಂತ ಮಾರೋದೆಲ್ಲ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂದ ಎಎಂಟಿಯಲ್ಲಿ ಇರೋದು ಮಾಮೂಲಿ ಕ್ಲಚ್ಚು, ಮಾಮೂಲಿ ಗೇರ್‌ಬಾಕ್ಸು. ಕ್ಲಚ್ ಒತ್ತೋದು, ಗೇರ್ ಬದಲಿಸೋದು ಮಾತ್ರ ಯಂತ್ರದ ಕೆಲಸ. ಟಾರ್ಕ್ ಕನ್ವರ್ಟರ್ ಇರೋದು ಬೇರೆ ಜಾತಿ. ಅದು ಎಂಜಿನ್ನಿನ ಫ್ಲೆಕ್ಸ್ ಪ್ಲೇಟ್‌ಗೆ ಬೋಲ್ಟ್ ಆಗಿರುತ್ತೆ. ಎರಡನ್ನೂ ಬೇರೆ ಮಾಡೋ ಮುಂಚೆ ಕ್ರ್ಯಾಂಕ್ ತಿರುಗಿಸ್ತಾ ಆ ಬೋಲ್ಟ್‌ಗಳನ್ನ ಒಂದೊಂದಾಗಿ ಬಿಚ್ಚಿ. ಕನ್ವರ್ಟರ್ ಗೇರ್‌ಬಾಕ್ಸ್ ಒಳಗೇ ಉಳೀಬೇಕು. ವಾಪಸ್ ಜೋಡಿಸುವಾಗ ಅದು ಪೂರ್ತಿ ಒಳಗೆ ಕೂರದೆ ಬೋಲ್ಟ್ ಬಿಗಿದ್ರೆ ಆಯಿಲ್ ಪಂಪ್ ಒಡೆಯುತ್ತೆ.

ಇನ್ನು ಜೀವದ ವಿಷಯ. ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಎಸಿ ಪೈಪ್ ಮುಟ್ಟಬೇಡಿ. ಕಂಪ್ರೆಸರ್‌ನ ಪೈಪ್ ಸಮೇತ ಪಕ್ಕಕ್ಕೆ ಕಟ್ಟಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಎಂಜಿನ್, ಗೇರ್‌ಬಾಕ್ಸ್ ಸೇರಿದ್ರೆ ನೂರು ಕೆಜಿ ದಾಟುತ್ತೆ. ಚೈನ್ ಬ್ಲಾಕನ್ನ ಸಜ್ಜಾಗೋ ಮರದ ಕೊಂಬೆಗೋ ನೇತುಹಾಕಬೇಡಿ; ಎಂಜಿನ್ ಕ್ರೇನ್ ಬಾಡಿಗೆಗೆ ತನ್ನಿ. ಅದು ಸಿಗಲಿಲ್ವಾ? ಗಾಡಿ ಗ್ಯಾರೇಜಿಗೇ ಬಿಡಿ, ಪಕ್ಕದಲ್ಲಿ ನಿಂತು ನೋಡಿ ಕಲೀರಿ. ಸಿಗೋಣ.