ಬೆಟ್ಟ ತಡೆಯದ ಅಲೆ

(ದೇವರಮನೆಯ ಸಭೆಯಲ್ಲಿ ಮಾಡಿದ ಭಾಷಣ)



ಈ ದೇವರಮನೆಯಲ್ಲಿ ಮಂಜು ಇಳಿಯಿತೆಂದರೆ ಹತ್ತು ಮಾರು ದೂರದ ಗುಡಿಯೂ ಕಾಣದು. ಬೆಳಕು ನೀರಹನಿಗೆ ತಗಲಿ ಚದುರಿಹೋಗುವುದೇ ಕಾರಣ. ಆದರೆ ಮಂಜೇನು, ಬೆಟ್ಟವೇ ಅಡ್ಡ ನಿಂತರೂ ನಿಲ್ಲದ ಅಲೆಯೊಂದಿದೆ. ಅದೇ ಗುರುತ್ವದ ಅಲೆ.

ಭಾರಿ ತೂಕದ ಎರಡು ಕಾಯಗಳು ಒಂದನ್ನೊಂದು ಸುತ್ತಿ ಕೂಡಿಕೊಂಡರೆ ಸುತ್ತಲಿನ ಆಕಾಶವೇ, ಎಂದರೆ ವಸ್ತುಗಳ ನಡುವಿನ ತೆರಪೇ, ಅದುರುತ್ತದೆ. ಆ ಅದುರು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ, ಹರಡುತ್ತದೆ. ಶಬ್ದಕ್ಕೆ ಗಾಳಿ ಬೇಕು. ಇದಕ್ಕೆ ಏನೂ ಬೇಡ. ಅದು ಹಾಯುವಾಗ ತೆರಪು ಒಂದು ದಿಕ್ಕಿಗೆ ಹಿಗ್ಗಿ ಅಡ್ಡದಿಕ್ಕಿಗೆ ಕುಗ್ಗುತ್ತದೆ, ಮರುಕ್ಷಣ ಅದಲುಬದಲಾಗುತ್ತದೆ.

1916ರಲ್ಲಿ ಐನ್‌ಸ್ಟೈನರು ಲೆಕ್ಕದಿಂದ ಹೇಳಿದ ಈ ಅಲೆ ಮೊದಲು ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಕೂಡಿದಾಗ ಎದ್ದದ್ದು ಅದು. ದಕ್ಷಿಣ ಧ್ರುವದ ಕಡೆಯಿಂದ ಭೂಮಿಯೊಳಗೆ ಹೊಕ್ಕು, ಅಮೆರಿಕದ ಲಿವಿಂಗ್‌ಸ್ಟನ್ನಿನಲ್ಲಿ ಮೇಲೆದ್ದಿತು. ಕಣ್ಣು ಮಿಟುಕಿಸುವುದರೊಳಗೆ ಈ ಗುಡ್ಡ, ಕಾಫಿ ಗಿಡ, ಲೈನುಮನೆ, ನಮ್ಮ ನಿಮ್ಮ ಮೈ, ಎಲ್ಲವನ್ನೂ ಹಾಯ್ದಿತು. ಸಾಹುಕಾರರ ಬಂಗಲೆಯನ್ನೂ ಬಿಡಲಿಲ್ಲವೆನ್ನಿ!

ಹೇಗೆ ಹಾಯ್ದಿತು? ಬೆಳಕು ವಸ್ತುವಿನೊಳಗಿನ ಎಲೆಕ್ಟ್ರಾನುಗಳನ್ನು ಕುಲುಕಿ, ತನ್ನ ಶಕ್ತಿಯನ್ನು ಅವಕ್ಕೆ ಕೊಟ್ಟು ಸೋಲುತ್ತದೆ. ಗುರುತ್ವದ ಅಲೆಗೆ ವಸ್ತುವಿನ ಮೇಲೆ ಹಿಡಿತ ಅತ್ಯಲ್ಪ. ಇಡೀ ಭೂಮಿಯನ್ನು ದಾಟಿದರೂ ಅದು ಕಳೆದುಕೊಳ್ಳುವುದು ಲೆಕ್ಕಕ್ಕಿಲ್ಲದಷ್ಟು. ಆದಕಾರಣ ಮೈಗಾಗಲಿ ಬೆಳೆಗಾಗಲಿ ಕೇಡಿನ ಅಂಜಿಕೆ ಬೇಡ. ಆದಕಾರಣವೇ ಅದನ್ನು ಹಿಡಿಯುವುದೂ ಕಷ್ಟ. 4 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಅಂದು ಆದ ಹೆಚ್ಚುಕಡಿಮೆ, ಒಂದು ಪ್ರೋಟಾನಿನ ಅಗಲದಲ್ಲಿ ನೂರನೆಯ ಒಂದು ಪಾಲಿಗಿಂತಲೂ ಸಣ್ಣದು.

ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು, ಕದಡಿದ ಕಪ್ಪುಕುಳಿ ಬಡಿದ ಗಂಟೆಯಂತೆ ಕಂಪಿಸಿ ಬೇಗನೆ ಸುಮ್ಮನಾಗುವುದೆಂದು 1970ರಲ್ಲೇ ಲೆಕ್ಕಮಾಡಿ ತೋರಿಸಿದ್ದರು. 2015ರ ಅಲೆಯ ಬಾಲದಲ್ಲಿ ಅಂಥ ಕಂಪನವೇ ಕಂಡಿತು. 2017ರಲ್ಲಿ ತೀರಿಕೊಳ್ಳುವ ಮುನ್ನ ಅವರು ಆ ಸುದ್ದಿ ಕೇಳಿದರು. ನಮ್ಮ ತಾಲ್ಲೂಕಿನ ಎಷ್ಟು ಶಾಲೆಗಳಲ್ಲಿ ಆ ಹೆಸರು ಹೇಳಿಕೊಡುತ್ತಾರೆ?

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಇಂಥ ಯಂತ್ರ ಕಟ್ಟಲು 2023ರಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿತು. ಅದರಲ್ಲಿ ನಾವು ಸಾಬೂನಿಗೆ, ಚಪ್ಪಲಿಗೆ ತೆತ್ತ ತೆರಿಗೆಯೂ ಇದೆ. ಬೇಡವೆನ್ನುವವರು ನಾವಲ್ಲ, ದೂರದೂರದ ಯಂತ್ರಗಳಿಗೆ ಅಲೆ ಮುಟ್ಟಿದ ಹೊತ್ತಿನ ಅಂತರದಿಂದಲೇ ಅದು ಬಂದ ದಿಕ್ಕು ತಿಳಿಯುವುದು. ಅಲ್ಲಿ ದೊರೆತ ತಿಳಿವನ್ನು ಮೂಡಿಗೆರೆ, ಕಳಸದ ಮಕ್ಕಳಿಗೆ ಕನ್ನಡದಲ್ಲಿ ಅಚ್ಚುಹಾಕಿಸಿ ಕಳಿಸಬೇಕೆಂದು ಕೇಳುತ್ತೇವೆ. ಮನವಿಯ ಕಾಗದ ಬಾಗಿಲ ಬಳಿ ಇದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು.