ಪೊಟ್ಟಣ ಓದಿ, ಬೀಜ ಬಿತ್ತಿ

(ಕಲಿಕಾ ಕೇಂದ್ರದಲ್ಲಿ ಹೊಸ ಓದುಗರ ಮುಂದೆ ಆಡಿದ ಮಾತು)



ನಾನು ಭಾಷಣ ಮಾಡೋಳಲ್ಲ. ನಿಮ್ಮ ಹಾಗೆಯೇ ಸಂಜೆ ಹೊತ್ತು ಸ್ಲೇಟು ಹಿಡಿದು ಅಕ್ಷರ ಕಲಿತವಳು. ಹಿತ್ತಲಲ್ಲಿ ನಾಲ್ಕು ಗಿಡ ಬೆಳೀತೀನಿ. ಅದರ ವಿಷಯ ಹೇಳು ಅಂತ ಮೇಡಂ ಕರೆದರು. ಅದಕ್ಕೇ ನಿಂತಿದ್ದೀನಿ.

ಇದನ್ನು ನೋಡಿ. ಇದು ಹಸಿರು ಹೂಕೋಸು. ಪೇಟೆಯಲ್ಲಿ ಬ್ರೊಕೊಲಿ ಅಂತಾರೆ. ಇದರ ಮೂಲ ಇಟಲಿ ದೇಶದ ಕಡೆ. ನಮ್ಮ ಎಲೆಕೋಸು, ಹೂಕೋಸು, ನವಿಲುಕೋಸು ಇದರ ಒಡಹುಟ್ಟುಗಳು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆ ಕೆಲವು ರೈತರು ಇದನ್ನು ಬೆಳೆದು ಬೆಂಗಳೂರಿಗೆ ಕಳಿಸ್ತಾರೆ. ಬೆಳೆಯೋರು ನಾವು, ತಿನ್ನೋರು ಪೇಟೆಯವರು. ನಮ್ಮ ಮಕ್ಕಳು ಯಾಕೆ ತಿನ್ನಬಾರದು? ಹೊರದೇಶದ ತರಕಾರಿ ನಮಗೆ ಹೊಸದೇನಲ್ಲ. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊ, ಸೀಮೆಬದನೆ ಎಲ್ಲವೂ ಹೊರಗಿಂದ ಬಂದವೇ.

ಮೊದಲು ನಾನು ಕೆಟ್ಟ ಕಥೆ ಹೇಳ್ತೀನಿ. ಆಗ ನನಗೆ ಓದು ಬರ್ತಿರಲಿಲ್ಲ. ಒಂದು ಅಂಗಡಿಯಲ್ಲಿ ಬೀಜದ ಪೊಟ್ಟಣ ತಂದೆ. ಅರ್ಧ ಬಿತ್ತಿದೆ. ದಿನಾ ಬೆಳಗ್ಗೆ ಹೋಗಿ ನೋಡಿದೆ. ಹದಿನೈದು ದಿನ ಆದರೂ ಒಂದು ಮೊಳಕೆ ಬರಲಿಲ್ಲ. ಕೊನೆಗೆ ಮಗಳು ಪೊಟ್ಟಣ ಓದಿದಳು. "ಅಮ್ಮ, ಇದರ ಅವಧಿ ಮುಗಿದು ಎರಡು ವರ್ಷ ಆಗಿದೆ" ಅಂದಳು. ಅಂಗಡಿಗೆ ಹೋದೆ. "ಬಿಲ್ಲು ಎಲ್ಲಮ್ಮ?" ಅಂದರು. ನಾನು ಬಿಲ್ಲು ತಂದಿರಲಿಲ್ಲ. ಸುಮ್ಮನೆ ವಾಪಸ್ಸು ಬಂದೆ.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ಉಳಿದ ಬೀಜವನ್ನು ಒಂದು ಬಟ್ಟಲಿಗೆ ಹಾಕಿ ಅಡಿಗೆಮನೆ ಗೂಡಲ್ಲಿ ಇಟ್ಟಿದ್ದೆ. ಈ ಬೀಜ ಸಾಸಿವೆ ಕಾಳಿನ ಹಾಗೇ ಇರುತ್ತೆ. ನಮ್ಮತ್ತೆಗೆ ಕಣ್ಣು ಮಂಜು. ಸಾಸಿವೆ ಅಂತ ತಿಳಿದು ಒಗ್ಗರಣೆಗೆ ಕೈಗೆ ತಗೊಂಡಿದ್ದರು. ಮಗಳು ನೋಡಿ ಕೂಗಿದಳು. ಅದು ಔಷಧಿ ಸವರಿದ ಬೀಜ. ಹಾಗಂತ ಪೊಟ್ಟಣದ ಮೇಲೆ ಬರೆದಿತ್ತು. ನನಗೆ ತಿಳಿಯಲಿಲ್ಲ, ಅಷ್ಟೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ವಾರ ಈ ಕೇಂದ್ರಕ್ಕೆ ಬಂದೆ.

ರಾಗಿ, ಅವರೆ, ಕುಂಬಳದ ಬೀಜ ನಾವೇ ಎತ್ತಿಡ್ತೀವಿ. ಅದಕ್ಕೆ ಓದು ಬೇಡ. ಇದು ಹಾಗಲ್ಲ. ಪಕ್ಕದಲ್ಲಿ ಬೇರೆ ಕೋಸು ಹೂ ಬಿಟ್ಟಿದ್ದರೆ ಜೇನುನೊಣ ಪರಾಗ ಬೆರೆಸುತ್ತೆ. ಹೈಬ್ರಿಡ್ ಬೀಜವಾದರೆ ಮರುವರ್ಷ ತಾಯಿಗಿಡದ ಹಾಗೆ ಬರೋದಿಲ್ಲ. ಆದ್ದರಿಂದ ವರ್ಷ ವರ್ಷ ಪೊಟ್ಟಣ ಕೊಳ್ಳಬೇಕು. ಕೊಳ್ಳೋ ಮೇಲೆ ಓದಿ ಕೊಳ್ಳಬೇಕು.

ನಮ್ಮ ದೇಶದಲ್ಲಿ 1966ರಲ್ಲಿ ಬೀಜ ಕಾಯ್ದೆ ಬಂತು. ಪೊಟ್ಟಣದ ಮೇಲೆ ವಿವರ ಬರೆಯಬೇಕು ಅನ್ನೋದು ಕಾನೂನು. ಏನೇನು ನೋಡಬೇಕು?

ಒಂದು, ಬೆಳೆಯ ಹೆಸರು ಮತ್ತು ತಳಿಯ ಹೆಸರು.
ಎರಡು, ಪರೀಕ್ಷೆ ಮಾಡಿದ ತಾರೀಖು ಮತ್ತು ಅವಧಿ ಮುಗಿಯುವ ತಾರೀಖು.
ಮೂರು, ನೂರಕ್ಕೆ ಎಷ್ಟು ಬೀಜ ಮೊಳೆಯುತ್ತೆ ಅನ್ನೋ ಲೆಕ್ಕ.
ನಾಲ್ಕು, ಔಷಧಿ ಸವರಿದ್ದರೆ ಅದರ ಎಚ್ಚರಿಕೆ.

ಕೆಲವು ಪೊಟ್ಟಣದಲ್ಲಿ ಬರೀ ಇಂಗ್ಲಿಷ್ ಇರುತ್ತೆ. ಹೆದರಬೇಡಿ. ಅಂಕಿ ನಮಗೆ ಬರುತ್ತಲ್ಲ? ತಾರೀಖು ಅಂಕಿಯಲ್ಲೇ ಇರುತ್ತೆ. ಉಳಿದದ್ದನ್ನು ಅಂಗಡಿಯವರ ಹತ್ತಿರ ಓದಿಸಿ ಕೇಳಿ. ಬಿಲ್ಲು ತಗೊಳ್ಳಿ. ಬೆಳೆ ಬರೋ ತನಕ ಬಿಲ್ಲು, ಪೊಟ್ಟಣ ಎರಡೂ ಜೋಪಾನ. ಬೀಜವನ್ನು ಅಡಿಗೆಮನೆಯಲ್ಲಿ ಮಾತ್ರ ಇಡಬೇಡಿ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಹತ್ತು ಬೀಜ ಎಣಿಸಿ. ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬಟ್ಟೆ ಒಣಗಬಾರದು. ಒಂದು ವಾರ ಬಿಟ್ಟು ಬಿಚ್ಚಿ. ಏಳು ಮೊಳೆತಿದ್ದರೆ ನೂರಕ್ಕೆ 70 ಅಂತ ಲೆಕ್ಕ. ಎರಡೋ ಮೂರೋ ಮೊಳೆತಿದ್ದರೆ ಆ ಬೀಜ ನೆಚ್ಚಬೇಡಿ. ನೋಡಿ, ಶೇಕಡಾ ಲೆಕ್ಕ ಹಿತ್ತಲಲ್ಲೇ ಕಲಿತ ಹಾಗಾಯ್ತು!

ಒಂದು ಗ್ರಾಂನಲ್ಲಿ ಸುಮಾರು 300 ಬೀಜ ಇರುತ್ತೆ. ಒಂದು ಮನೆಗೆ ಹತ್ತು ಹನ್ನೆರಡು ಗಿಡ ಸಾಕು. ಅದಕ್ಕೇ ನಾವು ಐದು ಮನೆಯವರು ಸೇರಿ ಒಂದು ಪೊಟ್ಟಣ ತರ್ತೀವಿ.

ಈ ಗಿಡಕ್ಕೆ ಚಳಿ ಇಷ್ಟ. ಬಿಸಿಲಿಗೆ ಹೂ ಬೇಗ ಅರಳಿ ಸಡಿಲ ಆಗುತ್ತೆ. ನಾನು ಹಬ್ಬದ ಲೆಕ್ಕ ಇಟ್ಟಿದ್ದೀನಿ. ನವರಾತ್ರಿ ಶುರುವಾದಾಗ ಬೀಜ. ದೀಪಾವಳಿಗೆ ನಾಟಿ. ಸಂಕ್ರಾಂತಿ ಹೊತ್ತಿಗೆ ಕೊಯ್ಲು. ತಳಿ ನೋಡಿಕೊಂಡು ಸ್ವಲ್ಪ ಹಿಂದೆ ಮುಂದೆ ಆಗಬಹುದು.

ತಳ ತೂತಾದ ಹಳೇ ಬೇಸಿನ್ ಸಾಕು. ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ. ಉಗುರಿನಷ್ಟು ಆಳಕ್ಕೆ ಬೀಜ ಹಾಕಿ. ಮೇಲೆ ತೆಳ್ಳಗೆ ರಾಗಿ ಹುಲ್ಲು ಹೊದಿಸಿ. ಐದಾರು ದಿನಕ್ಕೆ ಮೊಳಕೆ ಕಾಣುತ್ತೆ. ಕಂಡ ದಿನವೇ ಹುಲ್ಲು ತೆಗೀರಿ. ನೀರು ಹೆಚ್ಚಾದರೆ ಸಸಿಯ ಬುಡ ಕೊಳೆಯುತ್ತೆ. ನಾಲ್ಕೈದು ಎಲೆ ಬಂದ ಮೇಲೆ ಸಂಜೆ ಹೊತ್ತು ನಾಟಿ ಮಾಡಿ. ಗಿಡದಿಂದ ಗಿಡಕ್ಕೆ ಒಂದು ಮೊಳ ಜಾಗ ಬಿಡಿ. ಅಕ್ಕಿ, ತರಕಾರಿ ತೊಳೆದ ನೀರನ್ನು ಚೆಲ್ಲದೆ ಬುಡಕ್ಕೆ ಹಾಕಿ. ಕೋಳಿ ಬರದ ಹಾಗೆ ಬೇಲಿ ಕಟ್ಟಿ.

ಇದಕ್ಕೆ ಹುಳುವಿನ ಕಾಟ ಜಾಸ್ತಿ. ಬೆನ್ನಿನ ಮೇಲೆ ವಜ್ರದ ಗುರುತಿರುವ ಸಣ್ಣ ಪತಂಗ ಎಲೆಯ ಮೇಲೆ ಮೊಟ್ಟೆ ಇಡುತ್ತೆ. ಅದರ ಹಸಿರು ಹುಳು ಎಲೆಯನ್ನು ಜರಡಿ ಮಾಡುತ್ತೆ. ಇದಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಲೆಕೋಸಿನ ಹೊಲದಲ್ಲಿ ಒಂದು ಉಪಾಯ ಕಂಡುಹಿಡಿದರು. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲು ನಾಟಿಗೆ 15 ದಿನ ಮೊದಲು, ಇನ್ನೊಂದು ನಾಟಿಯಾಗಿ 25 ದಿನಕ್ಕೆ. ಪತಂಗ ಕೋಸು ಬಿಟ್ಟು ಸಾಸಿವೆಗೆ ಹೋಗುತ್ತೆ. ನಾನು ಪಾತಿಯ ಸುತ್ತ ಸಾಸಿವೆ ಚೆಲ್ತೀನಿ. ಅಲ್ಲಿ ಹುಳು ಆರಿಸಿ ಸಾಯಿಸ್ತೀನಿ.

ಆದರೂ ಹುಳು ಕಂಡರೆ ಬೇವಿನ ಬೀಜದ ತಿರುಳು. ಒಂದು ಲೀಟರ್ ನೀರಿಗೆ 50 ಗ್ರಾಂ ಪುಡಿ. ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಸಿ, ಬೆಳಗ್ಗೆ ಹಿಂಡಿ ಸೋಸಿ. ಚೂರು ಸೋಪು ಕದಡಿ, ಸಂಜೆ ಸಿಂಪಡಿಸಿ. ಮಕ್ಕಳು ತಿನ್ನೋ ತರಕಾರಿಗೆ ವಿಷ ಯಾಕೆ ಹಾಕಬೇಕು?

ಮೊಗ್ಗು ಬಿಗಿಯಾಗಿ ಹಸಿರಾಗಿ ಇರುವಾಗಲೇ ಕೊಯ್ಯಿರಿ. ಹಳದಿ ತಿರುಗಿದರೆ ತಡ ಆಯ್ತು ಅಂತ ಅರ್ಥ. ಅರ್ಧ ಗೇಣು ದಂಟು ಸೇರಿಸಿ ಕೊಯ್ಯಿರಿ. ಗಿಡ ಕೀಳಬೇಡಿ! ಎಲೆಯ ಸಂದಿನಲ್ಲಿ ಚಿಗುರು ಒಡೆದು ಸಣ್ಣ ಸಣ್ಣ ಹೂ ಬರುತ್ತೆ. ಕೆಲವು ವಾರ ಕೊಯ್ಯಬಹುದು.

ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ. ಹುಳು ಇದ್ದರೆ ಬಿಡುತ್ತೆ. ಇದರಲ್ಲಿ ಸಿ ಜೀವಸತ್ವ ಚೆನ್ನಾಗಿದೆ. ಬಹಳ ಬೇಯಿಸಿದರೆ ಅದು ಹಾಳಾಗುತ್ತೆ, ನೀರಿಗೂ ಇಳಿಯುತ್ತೆ. ನಮ್ಮ ಬಸ್ಸಾರು ಇದಕ್ಕೆ ಸರಿ. ಬಸಿದ ನೀರು ಸಾರಿಗೆ, ಹೂ ಪಲ್ಯಕ್ಕೆ. ಎಳೆ ಎಲೆಯೂ ಪಲ್ಯಕ್ಕಾಗುತ್ತೆ. ದಂಟಿನ ಸಿಪ್ಪೆ ಹೆರೆದು ಹುಳಿಗೆ ಹಾಕಿ. ಮುದ್ದೆ ಜೊತೆ ಚೆನ್ನಾಗಿರುತ್ತೆ.

ಈಗ ನಮ್ಮನೆಗೆ ಪೊಟ್ಟಣ ತಂದರೆ ಮೊದಲು ಓದೋಳು ನಾನು. ಮಗಳು ಪಕ್ಕದಲ್ಲಿ ಕೂತು ಕೇಳ್ತಾಳೆ. ನಮ್ಮತ್ತೆಯೂ ಕೇಳ್ತಾರೆ. ಈ ಸಲ ಪೊಟ್ಟಣ ತಂದಿದ್ದೀನಿ. ಯಾರು ಓದ್ತೀರಿ? ಮುಂದೆ ಬನ್ನಿ. ಓದಿದವರಿಗೆ ಮೂವತ್ತು ಬೀಜ.